ಪುಸ್ತಕದಲ್ಲಿಲ್ಲದ ಒಂಬತ್ತು ನಿಮಿಷ

ಆ ವರ್ಷವೂ ಮೇಜು ಇರಲಿಲ್ಲ. ಚಿಕ್ಕ ಸಿನಿಮಾ ಹಾಲಿನ ಹಿಂದಿನ ಗೋಡೆಗೆ ಒತ್ತಿಕೊಂಡು, ಬಾಗಿಲಿನಿಂದ ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಇರಬೇಕಾದ ಮೇಜು. ಹೋದ ವರ್ಷದ ಚಿತ್ರೋತ್ಸವ ಮುಗಿದ ದಿನ ಓದುವಮ್ಮ ಅದರ ಅಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇದನ್ನು ಯಾರೂ ಎತ್ತಬೇಡಿ ಎಂದು ಮೂರು ಜನಕ್ಕೆ ಹೇಳಿ ಹೋಗಿದ್ದಳು. ಈಗ ಹುಡುಕಿಕೊಂಡು ಹೋದರೆ ಅದು ಮೇಲಿನ ಕಚೇರಿಯ ಮೂಲೆಯಲ್ಲಿ ಚಹಾದ ಫ್ಲಾಸ್ಕು ಹೊತ್ತು ನಿಂತಿತ್ತು. ಸೀಮೆಸುಣ್ಣದ ಗುರುತು ಹಾಕಿದ ಹಾಗೇ ಇತ್ತು. ಆಕೆ ಫ್ಲಾಸ್ಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೇಜನ್ನು ಎತ್ತಿಕೊಂಡು ಎರಡು ಮಹಡಿ ಇಳಿದಳು. ದಾರಿಯಲ್ಲಿ ಸಿಕ್ಕಿದ ಐದು ಜನ ಭಾರವೇ ಎಂದು ಕೇಳಿದರು. ಒಬ್ಬರೂ ಕೈ ಹಾಕಲಿಲ್ಲ.

ಆ ಊರಿನಲ್ಲಿ ವರ್ಷಕ್ಕೊಮ್ಮೆ ಎಂಟು ದಿನ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ. ಮೂವತ್ತು ನಲವತ್ತು ದೇಶಗಳ ಸಿನಿಮಾ ಬರುತ್ತವೆ. ದೊಡ್ಡ ಹಾಲಿನಲ್ಲಿ ಉದ್ಘಾಟನೆ, ಭಾಷಣ, ಹೂಗುಚ್ಛ ಎಲ್ಲ ಇರುತ್ತದೆ. ನೂರ ನಲವತ್ತು ಕುರ್ಚಿಯ ಚಿಕ್ಕ ಹಾಲಿನಲ್ಲಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ಒಂದು ಆಟ ಇರುತ್ತದೆ. ಅದಕ್ಕೆ ಜನ ಇಟ್ಟ ಹೆಸರು ಓದುವ ಆಟ. ಪರದೆಯ ಮೇಲೆ ಯಾವುದೋ ದೇಶದವರು ತಮ್ಮ ಮಾತು ಆಡುತ್ತಾರೆ. ಹಿಂದಿನ ಗೋಡೆಯ ಹತ್ತಿರ ಪುಟ್ಟ ದೀಪದ ಕೆಳಗೆ ಕೂತ ಓದುವಮ್ಮ ಅದನ್ನೇ ನಮ್ಮ ಮಾತಿನಲ್ಲಿ ಮೈಕಿನೊಳಗೆ ಓದುತ್ತಾಳೆ. ಗಂಡಸು, ಹೆಂಗಸು, ಮಗು, ಪೊಲೀಸು ಎಲ್ಲರಿಗೂ ಅವಳದೊಂದೇ ದನಿ. ಪರದೆಯ ಮೇಲಿನವರು ಬಾಯಿ ತೆರೆದು ಅರ್ಧ ಉಸಿರಾದ ಮೇಲೆ ಅವಳು ಶುರುಮಾಡುತ್ತಾಳೆ. ಅವರು ಅತ್ತರೆ ಅವಳು ಅಳುವುದಿಲ್ಲ. ಅವರು ಕಿರುಚಿದರೆ ಅವಳು ಅದನ್ನು ಮೆಲ್ಲಗೆ ಓದುತ್ತಾಳೆ. ಎರಡು ಸಲ ಕೇಳುವಷ್ಟರಲ್ಲಿ ಜನಕ್ಕೆ ಅವಳ ದನಿ ಮರೆತುಹೋಗಿ, ಪರದೆಯ ಮೇಲಿನವರೇ ನಮ್ಮ ಮಾತು ಆಡಿದಂತೆ ಅನಿಸುತ್ತದೆ. ಅದೇ ಆ ಕೆಲಸದ ಗುಟ್ಟು.

ಆ ಆಟಕ್ಕೆ ಬರುವವರೇ ಬೇರೆ. ಪೊರೆ ಬಂದ ಕಣ್ಣಿನವರು, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ಹೆಂಗಸರು, ಅಂಗಡಿ ಮುಚ್ಚಿ ಬರುವ ಕ್ಷೌರದವನು, ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವರು. ಪರದೆಯ ಕೆಳಗೆ ಅಕ್ಷರ ಮೂಡಿದರೆ ಅವರು ಮೊದಲ ಎರಡು ಪದ ಕೂಡಿಸುವಷ್ಟರಲ್ಲಿ ಸಾಲೇ ಮಾಯ. ಅಕ್ಷರ ನೋಡಿದರೆ ಮುಖ ತಪ್ಪುತ್ತದೆ, ಮುಖ ನೋಡಿದರೆ ಅಕ್ಷರ ತಪ್ಪುತ್ತದೆ. ಕಿವಿಗೆ ಬಿದ್ದರೆ ಆ ಗೋಳಿಲ್ಲ. ಒಂದು ವರ್ಷ ಹಿಮ ಬೀಳುವ ದೇಶದ ಮುದುಕಿಯೊಬ್ಬಳು ಮನೆ ಬಿಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತ ಸಿನಿಮಾ ಬಂದಿತ್ತು. ಅದನ್ನು ನೋಡಿಬಂದ ಹೊಲಿಗೆಯವಳು ಮಾರನೆಯ ವಾರ ತನ್ನ ಬಾಡಿಗೆ ಮನೆಯ ಬಾಗಿಲಿಗೆ ಹಾಗೇ ಕುರ್ಚಿ ಹಾಕಿ ಕೂತಳು. ಮನೆಯ ಮಾಲೀಕ ಸುಸ್ತಾಗಿ ವಾಪಸು ಹೋದ. ಊರಿಗೆ ಈ ಉತ್ಸವದಿಂದ ಏನು ಬಂತು ಎಂದು ದೊಡ್ಡ ಹಾಲಿನಲ್ಲಿ ಪ್ರತಿವರ್ಷ ಭಾಷಣವಾಗುತ್ತದೆ. ಹೊಲಿಗೆಯವಳ ಕುರ್ಚಿಯ ಮಾತು ಇದುವರೆಗೆ ಯಾವ ಭಾಷಣದಲ್ಲೂ ಬಂದಿಲ್ಲ.

ಓದುವಮ್ಮ ಕಸುಬಿನಿಂದಲೇ ಓದುವವಳು. ಮೂವತ್ತೊಂದು ವರ್ಷ ಒಂದು ಅಚ್ಚುಕೂಟದಲ್ಲಿ ಇದ್ದಳು. ಅಲ್ಲಿ ಕರಡು ತಿದ್ದುವವರು ಅಚ್ಚಾದ ಹಾಳೆ ನೋಡುತ್ತಿದ್ದರೆ, ಎದುರಿಗೆ ಕೂತವರು ಮೂಲದ ಹಾಳೆಯನ್ನು ಜೋರಾಗಿ ಓದಿ ಹೇಳಬೇಕು. ಕಾಮಾ ಇದ್ದರೆ ಕಾಮಾ ಎನ್ನಬೇಕು, ಫುಲ್‌ಸ್ಟಾಪ್ ಇದ್ದರೆ ಅದನ್ನೂ ಹೇಳಬೇಕು. ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಆ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ಉತ್ಸವದಲ್ಲಿ ಓದಿದ ಮೊದಲ ವರ್ಷ ಪ್ರೇಮಿಗಳಿಬ್ಬರು ಸೇತುವೆಯ ಮೇಲೆ ನಿಂತಿರುವಾಗ, "ನಿನ್ನನ್ನು ಬಿಟ್ಟು ನಾನೆಲ್ಲಿ ಹೋಗಲಿ ಕಾಮಾ ಹೇಳು ಫುಲ್‌ಸ್ಟಾಪ್" ಎಂದು ಓದಿಬಿಟ್ಟಿದ್ದಳು. ಕ್ಷೌರದವನು ಇಪ್ಪತ್ತೆರಡು ವರ್ಷವಾದರೂ ಅದನ್ನು ಬಿಟ್ಟಿಲ್ಲ. ರಸ್ತೆಯಲ್ಲಿ ಸಿಕ್ಕಾಗ ಇವತ್ತಿಗೂ, ಹೇಗಿದ್ದೀರಿ ಕಾಮಾ ಅಮ್ಮ ಫುಲ್‌ಸ್ಟಾಪ್ ಎಂದೇ ಕೇಳುತ್ತಾನೆ.

ಈಗ ಹೊಸ ಕಾರ್ಯದರ್ಶಿ ಬಂದಿದ್ದ. ಉತ್ಸವಕ್ಕೆ ಎರಡು ಮೂರು ವರ್ಷಕ್ಕೊಬ್ಬ ಕಾರ್ಯದರ್ಶಿ ಬರುತ್ತಾನೆ. ಬಂದವನೆಲ್ಲ ಮೊದಲು ಪರದೆಯ ಬಟ್ಟೆ ಬದಲಿಸುವ ಮಾತಾಡುತ್ತಾನೆ, ಆಮೇಲೆ ಓದುವಮ್ಮನನ್ನು. ಇವನು ಪರದೆಯ ಮಾತನ್ನು ಬಿಟ್ಟು ನೇರ ಇವಳ ಹತ್ತಿರ ಬಂದ. ಪರದೆಯ ಕೆಳಗೆ ಒಂದು ಕರಿಯ ಪಟ್ಟಿ ಕೂರಿಸಿದ್ದೇವೆ, ಅದರಲ್ಲಿ ನಮ್ಮ ಭಾಷೆಯ ಅಕ್ಷರವೇ ಹಳದಿ ಬಣ್ಣದಲ್ಲಿ ಬರುತ್ತದೆ, ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದು ವಿವರಿಸಿದ. ಹೊರದೇಶದ ಅತಿಥಿಗಳಿಗೆ ಈ ದನಿಯಿಂದ ಕಿರಿಕಿರಿಯಂತೆ. ಮೂರನೆಯ ದಿನದ ಎರಡು ಗಂಟೆ ಆಟಕ್ಕೆ ಪಟ್ಟಿಯನ್ನೂ ಹಾಕುತ್ತೇವೆ, ನೀವೂ ಓದಿ, ನಾನೇ ಬಂದು ಕೂತು ನೋಡುತ್ತೇನೆ. ಅಕ್ಷರವೇ ಸಾಕು ಅನಿಸಿದರೆ ನಾಲ್ಕನೆಯ ದಿನದಿಂದ ಓದುವ ಆಟ ಇರುವುದಿಲ್ಲ ಎಂದ.

"ಬರೋರಲ್ಲಿ ಅರ್ಧ ಜನಕ್ಕೆ ಓದೋಕೆ ಬರಲ್ಲಪ್ಪ," ಎಂದಳು ಓದುವಮ್ಮ.

"ಈ ಕಾಲದಲ್ಲಿ ಓದೋಕೆ ಬರದೇ ಇರೋರು ಯಾರಿದ್ದಾರೆ ಅಮ್ಮ?"

"ನಮ್ಮನೇಲೇ ಒಬ್ಬಳಿದ್ದಾಳೆ."

ಅವನು ನಕ್ಕು, ಅವಳ ಕೈಗೆ ಒಂದು ಬಿಲ್ಲೆ ಕೊಟ್ಟು ಹೋದ. ಬಿಲ್ಲೆಯ ಮೇಲೆ ಸ್ವಯಂಸೇವಕಿ ಎಂದಿತ್ತು. ಇಪ್ಪತ್ತೆರಡು ವರ್ಷದಿಂದ ಅದೇ. ಇವಳ ಕೆಲಸಕ್ಕೆ ಬೇರೆ ಬಿಲ್ಲೆಯನ್ನು ಅಚ್ಚು ಹಾಕಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಮನೆಯಲ್ಲಿದ್ದವಳು ಅವಳ ನಾದಿನಿ. ಓದುವಮ್ಮನ ಗಂಡ ತೀರಿ ಒಂಬತ್ತು ವರ್ಷವಾಯಿತು, ನಾದಿನಿಯ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಇಬ್ಬರೂ ಒಂದೇ ಮನೆಯಲ್ಲಿದ್ದರು. ನಾದಿನಿಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಆದರೆ ಸ್ಕೇಲು ಇಟ್ಟು ಗೆರೆ ಎಳೆಯುವುದರಲ್ಲಿ ಅವಳ ಕೈ ಮೀರಿಸುವವರಿಲ್ಲ. ಬಿಡಿ ಹಾಳೆಗಳು ಮೈಕಿನ ಹತ್ತಿರ ಸರಸರ ಎನ್ನುತ್ತವೆ ಎಂದು ಓದುವಮ್ಮ ಪ್ರತಿ ಸಿನಿಮಾದ ಮಾತನ್ನೂ ದಪ್ಪ ರಟ್ಟಿನ ಒಂದು ಪುಸ್ತಕಕ್ಕೆ ದೊಡ್ಡ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು. ನಾದಿನಿ ಗೆರೆ ಹಾಕಿ, ಸಾಲಿಗೆ ಸಂಖ್ಯೆ ಬರೆದು ಕೊಡುತ್ತಿದ್ದಳು. ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಚುಕ್ಕಿ, ಪರದೆಯ ಮೇಲೆ ಯಾರೂ ಮಾತಾಡದ ಕಡೆ ನೀಲಿ ಗೆರೆ.

ಮೂರನೆಯ ದಿನದ ಸಿನಿಮಾದ ಮಾತುಗಳು ಎರಡು ವಾರ ಮೊದಲು ಬರಬೇಕಿತ್ತು. ಬಂದದ್ದು ನಾಲ್ಕು ದಿನ ಮೊದಲು. ತೊಂಬತ್ತಾರು ಹಾಳೆ, ಪುಟಸಂಖ್ಯೆ ಇಲ್ಲ, ನಡುವೆ ಎರಡು ಹಾಳೆ ತಲೆಕೆಳಗು. ಸಿನಿಮಾವನ್ನು ಒಂದು ಸಲ ಮೊದಲೇ ತೋರಿಸಿ ಎಂದು ಕಚೇರಿಗೆ ಮೂರು ಸಲ ಹೋದಳು. ಮೊದಲ ಸಲ ನಾಳೆ ಬನ್ನಿ ಎಂದರು. ಎರಡನೆಯ ಸಲ ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಮೂರನೆಯ ಸಲ, ಸಿನಿಮಾ ಇನ್ನೂ ಬಂದೇ ಇಲ್ಲ, ನಿರ್ದೇಶಕರು ತಮ್ಮ ಚೀಲದಲ್ಲೇ ತರುತ್ತಾರೆ ಎಂದರು.

"ಅಂದ್ರೆ ನೋಡದೇ ಓದ್ಬೇಕಾ?"

"ನಿಮಗೇನಮ್ಮ, ಇಪ್ಪತ್ತೆರಡು ವರ್ಷದ ಅನುಭವ," ಎಂದ ಕಚೇರಿಯವನು. ಮಾಡಬೇಕಾದ ಕೆಲಸ ಮಾಡದವರು ಕೊನೆಗೆ ಹೊಗಳಿಕೆಗೆ ಇಳಿಯುತ್ತಾರೆ ಎನ್ನುವುದು ಆಕೆಗೆ ಅಚ್ಚುಕೂಟದಲ್ಲೇ ಗೊತ್ತಾಗಿತ್ತು. ಮನೆಗೆ ಬಂದು ಕೂತು ಬರೆದಳು. ಸಾವಿರದ ಅರವತ್ತೆಂಟು ಸಾಲಾಯಿತು. ಕಥೆ ಸುಲಭದ್ದು: ತಾಯಿ ಸತ್ತ ಮೇಲೆ ಅಕ್ಕತಂಗಿಯರಿಬ್ಬರು ಅವಳ ಮನೆ ಖಾಲಿ ಮಾಡಲು ಬರುತ್ತಾರೆ, ಹಳೆಯದೆಲ್ಲ ಎದ್ದು ಬರುತ್ತದೆ.

ಮೂರನೆಯ ದಿನ ಹಾಲು ತುಂಬಿತ್ತು. ಮುಂದಿನ ಮೂರು ಸಾಲಿನಲ್ಲಿ ಓದುವ ಆಟದ ಖಾಯಂ ಜನ, ಹಿಂದೆ ಕುತ್ತಿಗೆಗೆ ಬಿಲ್ಲೆ ಹಾಕಿಕೊಂಡ ಓದುಬರಹದವರು. ನಾದಿನಿ ಮೂರನೆಯ ಸಾಲಿನ ತುದಿಯಲ್ಲಿದ್ದಳು. ಕಾರ್ಯದರ್ಶಿ ಓದುವಮ್ಮನ ಕೈಗೆ ಸಿಗುವಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ಫೋನ್ ತೆಗೆದ. ದೀಪ ಆರಿತು.

ಐವತ್ತು ನಿಮಿಷ ಎಲ್ಲ ಸರಿಯಿತ್ತು. ಅಲ್ಲಿಂದ ಮುಂದೆ ಪುಸ್ತಕದಲ್ಲಿ ರೈಲು ನಿಲ್ದಾಣದ ಮಾತು, ನಾಲ್ಕು ಪುಟ ಉದ್ದಕ್ಕೆ. ಪರದೆಯ ಮೇಲೆ ತಂಗಿ ಆಗಲೇ ಮನೆಯೊಳಗೆ ನಿಂತು ಕಿಟಕಿ ಮುಚ್ಚುತ್ತಿದ್ದಳು. ನಿಲ್ದಾಣವೇ ಬರಲಿಲ್ಲ. ಓದುವಮ್ಮನಿಗೆ ಗೊತ್ತಾಗಿಹೋಯಿತು. ಯಾರೋ ಸಿನಿಮಾವನ್ನು ಕತ್ತರಿಸಿದ್ದಾರೆ, ತನಗೆ ಹಳೆಯ ಮಾತುಗಳನ್ನು ಕೊಟ್ಟಿದ್ದಾರೆ. ಆಕೆ ನಾಲ್ಕು ಪುಟವನ್ನು ಸದ್ದಿಲ್ಲದೆ ಒಟ್ಟಿಗೆ ಮಗುಚಿ, ಕಿಟಕಿಯ ಸಾಲು ಹಿಡಿದು, ಓದುತ್ತಾ ಹೋದಳು. ಯಾರಿಗೂ ತಿಳಿಯಲಿಲ್ಲ. ಆದರೆ ಕರಿಯ ಪಟ್ಟಿಗೂ ಅದೇ ಹಳೆಯ ಮಾತುಗಳನ್ನೇ ತುಂಬಿದ್ದರು. ಕಂಪ್ಯೂಟರಿಗೆ ಕಿಟಕಿ ಕಾಣುತ್ತದೆಯೇ? ಗಡಿಯಾರ ನೋಡಿಕೊಂಡು ಅದು ತನ್ನ ಪಾಡಿಗೆ ನಿಲ್ದಾಣದ ಮಾತು ಉದುರಿಸುತ್ತಲೇ ಇತ್ತು. ಅಕ್ಕ ತಾಯಿಯ ಬಟ್ಟೆ ಮಡಿಸುವಾಗ ಕೆಳಗೆ, ಮುಂದಿನ ರೈಲು ಎಷ್ಟು ಗಂಟೆಗೆ ಎಂದು ಬಂತು. ಓದುವಮ್ಮನಿಗೆ ದೂರದ ಅಕ್ಷರ ಚೆನ್ನಾಗಿ ಕಾಣುತ್ತದೆ. ಕಾರ್ಯದರ್ಶಿಯ ತೋಳು ತಟ್ಟಿ ತೋರಿಸಿದಳು. ಅವನು ತಲೆಯೆತ್ತಿ ನೋಡಿ, ಅಕ್ಷರ ಸ್ಪಷ್ಟವಾಗಿದೆ ಎಂಬಂತೆ ಹೆಬ್ಬೆರಳು ಎತ್ತಿ ಮತ್ತೆ ಫೋನಿಗೆ ಇಳಿದ.

ಆಮೇಲೆ ಅಡುಗೆಮನೆ ಬಂತು. ಅಕ್ಕತಂಗಿಯರು ಎದುರುಬದುರು ನಿಂತು ಮಾತಿಗೆ ಶುರುಮಾಡಿದರು. ಈ ದೃಶ್ಯ ಪುಸ್ತಕದಲ್ಲಿ ಇರಲೇ ಇಲ್ಲ. ಮುಂದಿನ ಪುಟ ಮಗುಚಿದಳು, ಅದರ ಮುಂದಿನದು, ಹಿಂದಿನದು. ಎಲ್ಲೂ ಇಲ್ಲ. ಪರದೆಯ ಮೇಲೆ ಅಕ್ಕ ಅಳುತ್ತಿದ್ದಳು, ತಂಗಿ ಒಂದು ತಟ್ಟೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ಆಕೆ ಮೈಕಿನ ಹತ್ತಿರ ಬಾಗಿದಳು.

"ಇಲ್ಲಿಂದ ಮುಂದಿನ ಮಾತು ನನ್ನ ಪುಸ್ತಕದಲ್ಲಿಲ್ಲ. ಸಿಕ್ಕಿದ ಕೂಡಲೇ ಓದ್ತೀನಿ."

ಇಷ್ಟು ಹೇಳಿ ಸುಮ್ಮನಾದಳು. ಮುಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ನಿದ್ದೆ ಬಂತಾ ಅಮ್ಮ ಎಂದು ಕ್ಷೌರದವನು ಕತ್ತಲಲ್ಲೇ ಕೂಗಿದ. ಕಾರ್ಯದರ್ಶಿ ಕುರ್ಚಿ ಸರಿಸಿಕೊಂಡು ಇನ್ನೂ ಹತ್ತಿರ ಬಂದ.

"ಏನಾದ್ರೂ ಹೇಳಿ ಅಮ್ಮ. ಅಡುಗೆಮನೇಲಿ ಇಬ್ಬರು ಹೆಂಗಸರು ಏನ್ ಮಾತಾಡ್ತಾರೆ ಅಂತ ನಿಮಗೆ ಗೊತ್ತಿಲ್ವಾ?"

ಆಕೆ ಮೈಕನ್ನು ಅಂಗೈಯಲ್ಲಿ ಮುಚ್ಚಿದಳು. "ಬೇರೆಯವರು ಏನ್ ಮಾತಾಡ್ತಾರೋ ಗೊತ್ತು. ಇವರಿಬ್ಬರು ಏನ್ ಮಾತಾಡಿದ್ರೋ ಗೊತ್ತಿಲ್ಲ."

"ಸುಮ್ನೆ ಒಂದಿಷ್ಟು ಕಟ್ಟಿ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಂಗೆ."

ಅವನು ಉಸ್ಸೆಂದು ಹಿಂದಕ್ಕೆ ಹೋದ. ಕಟ್ಟಿ ಹೇಳುವುದು ಕಷ್ಟವಾಗಿರಲಿಲ್ಲ. ಹೇಳಿದ್ದರೆ ಆಟವೂ ಉಳಿಯುತ್ತಿತ್ತೇನೋ ಎಂದು ಆಕೆಗೂ ಅನಿಸಿತು. ಆದರೆ ನಾಲಿಗೆ ಏಳಲಿಲ್ಲ. ಒಂಬತ್ತು ನಿಮಿಷ ಕೈಗಡಿಯಾರ ನೋಡುತ್ತಾ ಕೂತಳು. ಕರಿಯ ಪಟ್ಟಿ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಆ ಅಳುವಿನ ಕೆಳಗೆ ನಾಲ್ಕನೇ ಪ್ಲಾಟ್‌ಫಾರಂ, ಟಿಕೆಟ್ ಕೌಂಟರು, ಚಹಾ ತಣ್ಣಗಾಯಿತು ಎಂದೆಲ್ಲ ಬರುತ್ತಲೇ ಇತ್ತು. ಅಡುಗೆಮನೆ ಮುಗಿದು ಪುಸ್ತಕದ ಸಾಲು ಮತ್ತೆ ಸಿಕ್ಕಿತು. ಆಕೆ ಓದಿ ಮುಗಿಸಿದಳು.

ದೀಪ ಹತ್ತಿದ ಮೇಲೆ ನಿರ್ದೇಶಕನನ್ನು ಮುಂದೆ ಕೂರಿಸಿದರು. ಜೇಬಿನ ಹೊಲಿಗೆ ಬಿಟ್ಟ ಕೋಟಿನ ಸಣಕಲು ಮನುಷ್ಯ. ಪಕ್ಕದಲ್ಲಿ ಅವನ ಮಾತು ನಮ್ಮ ಮಾತಿಗೆ ತಿರುಗಿಸಲು ಒಬ್ಬ ಹೆಣ್ಣುಮಗಳು, ದುಭಾಷಿ. ಮೊದಲು ಎದ್ದವರು ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುವವರು. ಅಕ್ಕತಂಗಿಯರ ಮುಖದಲ್ಲಿ ದುಃಖ, ಮಾತಿನಲ್ಲಿ ರೈಲಿನ ವೇಳೆ, ಮನುಷ್ಯ ತನ್ನ ನೋವಿನಿಂದ ಹೇಗೆ ಊರು ಬಿಟ್ಟು ಓಡುತ್ತಾನೆ ಎನ್ನುವುದನ್ನು ಅಡುಗೆಮನೆಯಲ್ಲೇ ತೋರಿಸಿದ್ದು ಎಂಥ ಧೈರ್ಯ ಎಂದು ಆರು ನಿಮಿಷ ಮಾತಾಡಿದರು. ನಿರ್ದೇಶಕನಿಗೆ ಏನೂ ಅರ್ಥವಾಗಲಿಲ್ಲ. ಮರ್ಯಾದಸ್ಥ, ಪ್ರತಿಯೊಬ್ಬರೂ ತಮ್ಮ ತಮ್ಮ ಸಿನಿಮಾ ನೋಡುತ್ತಾರೆ ಎಂದು ಕೈ ಮುಗಿದ. ಇನ್ನೊಬ್ಬರು ಎದ್ದು, ತಣ್ಣಗಾದ ಚಹಾ ಎಂದರೆ ತಾಯಿಯೇ ಅಲ್ಲವೇ ಎಂದರು. ಜನ ಚಪ್ಪಾಳೆ ತಟ್ಟಿದರು.

ಓದುವಮ್ಮ ಹಣೆಗೆ ಕೈ ಹಚ್ಚಿಕೊಂಡಳು. ಕಾರ್ಯದರ್ಶಿ ಹಿಗ್ಗಿ ಹೋಗಿದ್ದ.

"ನೋಡಿದ್ರಾ ಅಮ್ಮ, ಅಕ್ಷರ ಓದಿದೋರು ಎಷ್ಟು ಆಳಕ್ಕೆ ಹೋಗಿದ್ದಾರೆ? ಅಕ್ಷರ ನಿಲ್ಲಲಿಲ್ಲ, ನೀವು ನಿಂತ್ರಿ. ನಾಳೆಯಿಂದ ತೊಂದರೆ ತಗೋಬೇಡಿ."

ಆಕೆ ಪುಸ್ತಕ ಮುಚ್ಚಿದಳು. ದೀಪದ ತಂತಿ ಕಿತ್ತು ಸುತ್ತತೊಡಗಿದಳು.

ಆಗ ಮೂರನೆಯ ಸಾಲಿನ ತುದಿಯಲ್ಲಿ ನಾದಿನಿ ಎದ್ದು ನಿಂತಳು. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಅತ್ತಿಗೆಯ ಬೆನ್ನ ಹಿಂದೆ ನಿಲ್ಲುವ ಹೆಂಗಸು. ಮೈಕು ಕೈಗೆ ಬಂದಾಗ ಅದನ್ನು ಎಲ್ಲಿ ಹಿಡಿಯಬೇಕೋ ತಿಳಿಯದೆ ಎದೆಗೆ ಒತ್ತಿಕೊಂಡಳು.

"ನಂಗೆ ಓದೋಕೆ ಬರಲ್ಲ. ನಮ್ಮತ್ತಿಗೆ ಪುಸ್ತಕದಲ್ಲಿಲ್ಲ ಅಂತ ನಿಲ್ಲಿಸಿದ್ರು. ಅವರು ಇಲ್ಲ ಅಂದ್ರೆ ಇಲ್ಲ. ಆದ್ರೆ ಅಡುಗೆಮನೇಲಿ ಅಕ್ಕತಂಗಿ ಏನೋ ಮಾತಾಡಿದ್ರು. ಏನಂದ್ರು? ಮಾಡಿದೋರು ನೀವೇ ಅಲ್ವಾ, ನೀವೇ ಹೇಳಿ."

ದುಭಾಷಿ ಅದನ್ನು ಹೇಳಿದಳು. ನಿರ್ದೇಶಕ ಮೊದಲ ಸಲ ನೆಟ್ಟಗೆ ಕೂತ. ಆಮೇಲೆ ಎದ್ದು ನಿಂತು, ಪುಸ್ತಕ ಗಿಸ್ತಕ ಏನೂ ಇಲ್ಲದೆ ಆ ದೃಶ್ಯದ ಮಾತನ್ನೆಲ್ಲ ಒಂದೊಂದಾಗಿ ಹೇಳಿದ. ದುಭಾಷಿಯೂ ಏರಿಳಿತವಿಲ್ಲದ ದನಿಯಲ್ಲಿ ನಮ್ಮ ಮಾತಿಗೆ ತಿರುಗಿಸಿದಳು. ಅಮ್ಮನಿಗೆ ಕಾಯಿಲೆ ಅಂತ ಒಂದು ವರ್ಷ ನಿನ್ನಿಂದ ಮುಚ್ಚಿಟ್ಟೆ, ನಿನಗೆ ಆಗಷ್ಟೇ ಕೆಲಸ ಸಿಕ್ಕಿತ್ತು ಎನ್ನುತ್ತಾಳೆ ಅಕ್ಕ. ನನಗೆ ಗೊತ್ತಿತ್ತು, ಔಷಧಿಯ ಸೀಸೆ ನೋಡಿದ್ದೆ ಎನ್ನುತ್ತಾಳೆ ತಂಗಿ. ಗೊತ್ತಿದ್ದೂ ಯಾಕೆ ಬರಲಿಲ್ಲ? ಬಂದರೆ ನೀನು ಮುಚ್ಚಿಟ್ಟದ್ದು ನನಗೆ ಗೊತ್ತು ಅಂತ ನಿನಗೆ ಗೊತ್ತಾಗುತ್ತಿತ್ತು, ಅದಕ್ಕೆ. ಅಷ್ಟೇ ಅಕ್ಕತಂಗಿಯರ ಜಗಳ. ನಾದಿನಿ ನಿಂತೇ ಕೇಳಿದಳು. ಹೊಲಿಗೆಯವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾದ್ರೆ ಆ ರೈಲು?" ಎಂದ ಕ್ಷೌರದವನು. ಅವನಿಗೂ ಒಂದಿಷ್ಟು ಅಕ್ಷರ ಬರುತ್ತಿತ್ತು.

ಯಾವ ರೈಲು ಎಂದು ಕೇಳಿದ ನಿರ್ದೇಶಕ. ನಿಲ್ದಾಣದ ಭಾಗ ಚೆನ್ನಾಗಿರಲಿಲ್ಲ, ಹೋದ ತಿಂಗಳೇ ತೆಗೆದುಹಾಕಿದೆ, ಅಡುಗೆಮನೆ ಆಮೇಲೆ ಸೇರಿಸಿದ್ದು, ಹೊಸ ಮಾತುಗಳನ್ನು ನಿಮ್ಮ ಕಚೇರಿಗೆ ಕಳಿಸಿದ್ದೆನಲ್ಲ ಎಂದ.

ವಿಮರ್ಶೆಯವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿ ಮುಗಿಸಿ, ಆಕಸ್ಮಿಕಕ್ಕೂ ಒಂದು ಅರ್ಥವಿರುತ್ತದೆ ಎಂದರು. ಮೂಟೆ ಇಳಿಸುವವರಲ್ಲಿ ಒಬ್ಬ ನಕ್ಕ. ಆಮೇಲೆ ಮುಂದಿನ ಮೂರು ಸಾಲೂ ನಕ್ಕವು.

ಮಾರನೆಯ ದಿನ ಬೆಳಗ್ಗೆ ಕಾರ್ಯದರ್ಶಿ ಕರೆಸಿದ. ತಪ್ಪಾಯಿತು ಎನ್ನುತ್ತಾನೇನೋ ಎಂದು ಆಕೆ ಕಾದಳು. ಅವನು ತಾಂತ್ರಿಕ ದೋಷ ಎಂದ. ಹೊಸ ಮಾತುಗಳು ಕಚೇರಿಯಲ್ಲೇ ಇದ್ದವಂತೆ, ತೆರೆಯದೆ. ಸದ್ಯಕ್ಕೆ ಎರಡು ಗಂಟೆ ಆಟಕ್ಕೆ ಪಟ್ಟಿ ಬೇಡ, ಓದುವುದೇ ಇರಲಿ ಎಂದ. ಆಮೇಲೆ ಧ್ವನಿ ತಗ್ಗಿಸಿ, ನಿಮ್ಮಷ್ಟು ಕಟ್ಟುನಿಟ್ಟಿನವರು ನಮ್ಮಲ್ಲಿಲ್ಲ, ದೊಡ್ಡ ಹಾಲಿನ ನಲವತ್ತು ಸಿನಿಮಾದ ಅಕ್ಷರವನ್ನೂ ಮುಂದಿನ ವರ್ಷದಿಂದ ನೀವೇ ಕೂತು ತಾಳೆ ನೋಡಿಬಿಡಿ ಎಂದ. ಬಿಲ್ಲೆ ಅದೇ ಇರುತ್ತದಂತೆ.

"ಮೊದಲು ಮೇಜು," ಎಂದಳು ಓದುವಮ್ಮ.

"ಯಾವ ಮೇಜು?"

ಆಕೆ ಎದ್ದು ಬಂದಳು.

ಜನ ಕೇಳಿದರೆಂದು ಕೊನೆಯ ದಿನ ಎರಡು ಗಂಟೆಗೆ ಆ ಸಿನಿಮಾವನ್ನು ಇನ್ನೊಮ್ಮೆ ಹಾಕಿದರು. ಅಷ್ಟರೊಳಗೆ ಓದುವಮ್ಮ, ನಿರ್ದೇಶಕನ ಭಾಷೆಯಲ್ಲೇ ಇದ್ದ ಆ ಹೊಸ ಹಾಳೆಗಳನ್ನು ಹಿಡಿದು, ದುಭಾಷಿಯನ್ನು ಹಾಲಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅಡುಗೆಮನೆಯ ಮಾತೆಲ್ಲ ಬರೆದುಕೊಂಡಿದ್ದಳು. ತೊಂಬತ್ತನಾಲ್ಕು ಸಾಲು. ಗೆರೆ ನಾದಿನಿಯದು. ಖಾಯಂ ಜನ ಒಬ್ಬರೂ ತಪ್ಪದೆ ಬಂದರು. ಒಂಬತ್ತು ನಿಮಿಷವೂ ಪುಸ್ತಕದಲ್ಲಿದ್ದ ಹಾಗೆ ಬಂತು, ಒಂದು ಉಸಿರೂ ತಪ್ಪಲಿಲ್ಲ.

ಆಟ ಮುಗಿದ ಮೇಲೆ ಆಕೆ ಮೇಜನ್ನು ಅಲ್ಲಿ ಬಿಡಲಿಲ್ಲ. ಒಂದು ತುದಿ ಅತ್ತಿಗೆ, ಇನ್ನೊಂದು ತುದಿ ನಾದಿನಿ ಹಿಡಿದು ಬಿಸಿಲು ಇಳಿಯುವ ರಸ್ತೆಯಲ್ಲಿ ಮನೆಗೆ ಹೊರಟರು. ಕೈ ಸೋತು ಒಂದು ಮರದ ಕೆಳಗೆ ಇಳಿಸಿದಾಗ ಓದುವಮ್ಮ, ಹೇಗಿತ್ತು ಎಂದು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.

"ಚೆನ್ನಾಗಿತ್ತು ಅತ್ತಿಗೆ," ಎಂದಳು ನಾದಿನಿ. ಸ್ವಲ್ಪ ಯೋಚಿಸಿದಳು. "ಆದ್ರೆ ಅವತ್ತು ಆ ಮನುಷ್ಯ ಹೇಳಿದ್ದು ಇನ್ನೂ ಚೆನ್ನಾಗಿತ್ತು. ನೀವು ಸ್ವಲ್ಪ ಬೇಗ ಬೇಗ ಓದಿದ್ರಿ."

"ಅವರು ಬೇಗ ಮಾತಾಡಿದ್ರೆ ನಾನೇನ್ ಮಾಡ್ಲಿ?"

"ನಾನೇನ್ ತಪ್ಪು ಅಂದ್ನಾ? ಕೇಳಿದ್ರಿ, ಹೇಳಿದೆ."

ಓದುವಮ್ಮ ಅವಳ ಮುಖವನ್ನೇ ನೋಡಿದಳು. ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು ಎಂದು ಮನೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದವಳು ತಾನೇ. ಇನ್ನು ಯಾರನ್ನು ಬೈಯುವುದು?

"ಹಿಡ್ಕೋ ಆ ಕಡೆ," ಎಂದಳು. ಮೇಜು ಎದ್ದಿತು.